ಬೆಟ್ಟ ಕೂಡಿತು, ಮಂಟಪ ಯಾಕೆ ಮುರಿಯಿತು?

ಪ್ರಶ್ನೆ: ನಾನು ಹೊಸಪೇಟೆ ಸಮೀಪದ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕ. ನನ್ನ ಹತ್ತಿರ 24 ಮೆಗಾಪಿಕ್ಸೆಲ್‌ನ ಹಳೆಯ ಎಪಿಎಸ್-ಸಿ (ಮಧ್ಯಮ ಅಳತೆಯ ಸೆನ್ಸರಿನ) ಕ್ಯಾಮೆರಾ ಇದೆ, ಅದರ ಜೊತೆಗೇ ಬಂದ 18-55 ಮಿ.ಮೀ. ಜೂಮ್ ಲೆನ್ಸ್ ಇದೆ. ಡಿಸೆಂಬರ್‌ನ ಒಂದು ಭಾನುವಾರ ಬೆಳಗ್ಗೆ ಹಂಪಿಯ ಮಾತಂಗ ಬೆಟ್ಟ ಹತ್ತಿ, ಸಾಲಾಗಿ ಫೋಟೋ ತೆಗೆದು, ಅವನ್ನು ಹ್ಯೂಗಿನ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಒಂದೇ ಅಗಲವಾದ ಚಿತ್ರವಾಗಿ (ಪನೋರಮಾ) ಜೋಡಿಸಿದೆ. ಜೋಡಣೆ ಚೆನ್ನಾಗಿ ಕೂತಿದೆ. ಆದರೆ ದಿಗಂತ ಕಾಮನಬಿಲ್ಲಿನಂತೆ ನಡುವೆ ಉಬ್ಬಿದೆ. ಉತ್ತರದ ಆಕಾಶದಲ್ಲಿ ಗಾಢ ನೀಲಿ ಪಟ್ಟೆಯೊಂದು ಬಂದಿದೆ. ಎಕ್ಸ್‌ಪೋಶರ್ ಮ್ಯಾನ್ಯುಯಲ್‌ನಲ್ಲೇ ಇತ್ತು, ಹೊಸದಾಗಿ ಕೊಂಡ ಪೋಲರೈಸರ್ ಫಿಲ್ಟರ್ ಹಾಕಿದ್ದೆ. ಅದೇ ದಿನ ಕೆಳಗಿಳಿದು ಅಚ್ಯುತರಾಯ ದೇವಾಲಯದ ಮಂಟಪದೊಳಗೆ ತೆಗೆದದ್ದು ಮಾತ್ರ ಪೂರ್ತಿ ಕೆಟ್ಟಿತು. ಕಂಬಗಳು ಅರ್ಧಕ್ಕೆ ಕತ್ತರಿಸಿದಂತೆ, ಕೆಲವು ಎರಡೆರಡಾಗಿ ಕಾಣುತ್ತಿವೆ. ಟ್ರೈಪಾಡಿನ ಮೇಲೆ ಕೂರಿಸುವ ಪನೋರಮಾ ಹೆಡ್ ಕೊಳ್ಳಲೇಬೇಕೇ? ಮೊಬೈಲ್‌ನಲ್ಲೇ ಪನೋರಮಾ ಇದೆಯಲ್ಲ, ಸುಮ್ನೆ ಯಾಕೆ ಕಷ್ಟ ಅನ್ನುತ್ತಾರೆ ಗೆಳೆಯರು. ಇನ್ನೊಂದು ಆಸೆಯೂ ಇದೆ: ನಮ್ಮ ಶಾಲೆಯ 280 ಮಕ್ಕಳನ್ನು ಒಂದೇ ಉದ್ದನೆಯ ಫೋಟೋದಲ್ಲಿ ಹಿಡಿಯಬೇಕು. ಹೇಗೆ?

ಉತ್ತರ: ಮೇಷ್ಟ್ರೇ, ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಅದೇ ಕ್ಯಾಮೆರಾ, ಅದೇ ಲೆನ್ಸ್, ಅದೇ ಕೈ, ಅದೇ ಬೆಳಗು. ಬೆಟ್ಟದ ಮೇಲೆ ತೆಗೆದದ್ದು ಕೂಡಿತು, ಮಂಟಪದ್ದು ಕೂಡಲಿಲ್ಲ. ಅಂದರೆ ತಪ್ಪು ಸಾಫ್ಟ್‌ವೇರ್‌ನದಲ್ಲ, ಲೆನ್ಸಿನದೂ ಅಲ್ಲ. ಎರಡು ಜಾಗಗಳ ನಡುವೆ ಬದಲಾದದ್ದು ಒಂದೇ, ನಿಮಗೂ ಕಲ್ಲಿಗೂ ಇದ್ದ ದೂರ.

ಈಗಲೇ ಒಂದು ಪರೀಕ್ಷೆ ಮಾಡಿ. ಒಂದು ಕಣ್ಣು ಮುಚ್ಚಿ. ಹೆಬ್ಬೆರಳನ್ನು ಮುಖದಿಂದ ಒಂದು ಗೇಣು ದೂರ ಹಿಡಿದು, ಎದುರಿನ ಕಿಟಕಿಯ ಒಂದು ಸರಳಿಗೆ ಸರಿಯಾಗಿ ಹೊಂದಿಸಿ. ಬೆರಳು ಅಲುಗಿಸದೆ ತಲೆಯನ್ನು ಮಾತ್ರ ನಿಧಾನಕ್ಕೆ ಎಡಕ್ಕೂ ಬಲಕ್ಕೂ ತಿರುಗಿಸಿ. ಬೆರಳು ಸರಳನ್ನು ಬಿಟ್ಟು ಜಾರುತ್ತದೆ, ಅಲ್ವಾ? ತಲೆ ತಿರುಗುವುದು ಕುತ್ತಿಗೆಯ ಮೇಲೆ. ಕಣ್ಣು ಇರುವುದು ಅದಕ್ಕಿಂತ ಮುಂದೆ. ಹಾಗಾಗಿ ತಲೆ ತಿರುಗಿದಾಗ ಕಣ್ಣು ಪಕ್ಕಕ್ಕೂ ಸರಿಯುತ್ತದೆ. ನೋಡುವ ಜಾಗ ಬದಲಾದರೆ ಹತ್ತಿರದ್ದು ಜಾಸ್ತಿ ಜಾರುತ್ತದೆ, ದೂರದ್ದು ಕಮ್ಮಿ ಜಾರುತ್ತದೆ. ಪ್ಯಾರಲ್ಯಾಕ್ಸ್ ಅನ್ನುವುದು ಇದಕ್ಕೇ.

ಮಂಟಪದಲ್ಲಿ ನೀವು ಮಾಡಿದ್ದೂ ಇದೇ. ಕ್ಯಾಮೆರಾ ಕಣ್ಣಿಗಿಟ್ಟುಕೊಂಡು, ನಿಂತಲ್ಲೇ ಸೊಂಟದಿಂದ ತಿರುಗಿದಿರಿ. ನಿಮ್ಮ ಮೈ ತಿರುಗುವ ನಡುಗೆರೆಯಿಂದ ಲೆನ್ಸ್ ಸುಮಾರು 30 ಸೆಂ.ಮೀ. ಮುಂದಿರುತ್ತದೆ. ಒಂದು ಫ್ರೇಮಿನಿಂದ ಮುಂದಿನದಕ್ಕೆ 24 ಡಿಗ್ರಿ ತಿರುಗಿದರೆ ಲೆನ್ಸ್ ಪಕ್ಕಕ್ಕೆ 12 ಸೆಂ.ಮೀ.ನಷ್ಟು ಸರಿಯುತ್ತದೆ. ನಿಮ್ಮ ಕ್ಯಾಮೆರಾದಲ್ಲಿ, 24 ಮಿ.ಮೀ.ಗೆ ಇಟ್ಟ ಲೆನ್ಸಿನಲ್ಲಿ ಇದರ ಲೆಕ್ಕ ನೋಡಿ. 1 ಕಿ.ಮೀ. ದೂರದ ಬಂಡೆ ಒಂದು ಪಿಕ್ಸೆಲ್‌ನಷ್ಟೂ ಜಾರುವುದಿಲ್ಲ. 20 ಮೀಟರ್ ದೂರದ ಗೋಡೆ ಸುಮಾರು 40 ಪಿಕ್ಸೆಲ್ ಜಾರುತ್ತದೆ. 2 ಮೀಟರ್ ದೂರದ ಕಂಬ 380 ಪಿಕ್ಸೆಲ್‌ನಷ್ಟು ಜಾರುತ್ತದೆ. ಕಂಬವನ್ನು ಕೂಡಿಸಹೋದರೆ ಗೋಡೆ ಮುರಿಯುತ್ತದೆ, ಗೋಡೆಯನ್ನು ಕೂಡಿಸಿದರೆ ಕಂಬ ಎರಡಾಗುತ್ತದೆ. ಮೊದಲ ಫ್ರೇಮಿನಲ್ಲಿ ಕಂಬದ ಹಿಂದೆ ಅಡಗಿದ್ದ ಶಿಲ್ಪ ಎರಡನೆಯದರಲ್ಲಿ ಹೊರಗೆ ಬಂದಿರುತ್ತದೆ. ಎರಡರಲ್ಲಿ ಯಾವುದು ನಿಜ ಅಂತ ಸಾಫ್ಟ್‌ವೇರ್ ಹೇಗೆ ತೀರ್ಮಾನಿಸಬೇಕು?

ಆದ್ದರಿಂದ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಕ್ಯಾಮೆರಾ ನಿಮ್ಮ ಸುತ್ತ ತಿರುಗಬಾರದು. ನೀವು ಕ್ಯಾಮೆರಾದ ಸುತ್ತ ತಿರುಗಬೇಕು. ಗರ್ಭಗುಡಿಗೆ ಪ್ರದಕ್ಷಿಣೆ ಹಾಕುತ್ತೇವಲ್ಲ, ಹಾಗೆ. ಲೆನ್ಸ್ ಇದ್ದ ಜಾಗದಲ್ಲೇ ಇರಬೇಕು, ಹೆಜ್ಜೆ ಹಾಕುವವರು ನೀವು.

ಇನ್ನೂ ಸರಿಯಾಗಿ ಹೇಳಬೇಕೆಂದರೆ, ಕದಲಬಾರದ್ದು ಲೆನ್ಸಿನೊಳಗಿನ ಒಂದು ಬಿಂದು. ಹವ್ಯಾಸಿಗಳೆಲ್ಲ ಅದನ್ನು ನೋಡಲ್ ಪಾಯಿಂಟ್ ಅನ್ನುತ್ತಾರೆ. ಆ ಹೆಸರು ರೂಢಿಗೆ ಬಂದುಬಿಟ್ಟಿದೆ, ಆದರೆ ತಪ್ಪು ಹೆಸರು. ನೋಡಲ್ ಪಾಯಿಂಟ್ ಬೇರೆಯೇ ಇದೆ. ನಮಗೆ ಬೇಕಾದದ್ದು ಎಂಟ್ರೆನ್ಸ್ ಪ್ಯುಪಿಲ್, ಲೆನ್ಸಿನ ಪಾಪೆ ಅನ್ನಿ. ಲೆನ್ಸನ್ನು ಎದುರಿನಿಂದ ನೋಡಿದರೆ ಒಳಗೆ ಒಂದು ಸಣ್ಣ ಬೆಳಕಿಂಡಿ ಕಾಣುತ್ತದೆ. ಅದು ಮುಂದಿನ ಗಾಜಿನಿಂದ ಎಷ್ಟು ಆಳದಲ್ಲಿ ಕೂತಂತೆ ಕಾಣುತ್ತದೋ, ಪಾಪೆ ಇರುವುದು ಅಲ್ಲೇ. ಜೂಮ್ ತಿರುಗಿಸಿದರೆ ಅದರ ಜಾಗ ಬದಲಾಗುತ್ತದೆ. ಆದ್ದರಿಂದ ಪನೋರಮಾಕ್ಕೆ ಅಂತ ಒಂದೇ ಜೂಮ್ ಅಳತೆ ಇಟ್ಟುಕೊಳ್ಳಿ. 24 ಒಳ್ಳೆಯದು. ಲೆನ್ಸಿನ ಮೇಲೆ ಆ ಅಂಕಿ ಬರೆದೇ ಇರುತ್ತದೆ, ಹುಡುಕುವ ಕೆಲಸ ಇಲ್ಲ.

ಇದನ್ನು ಕಾಸಿಲ್ಲದೆ ಮಾಡುವ ದಾರಿ ಹೇಳುತ್ತೇನೆ. ಗಾರೆ ಕೆಲಸದವರು ಗೋಡೆ ನೇರ ಇದೆಯಾ ಅಂತ ನೋಡಲು ದಾರಕ್ಕೆ ಗುಂಡು ಕಟ್ಟಿ ಇಳಿಬಿಡುತ್ತಾರಲ್ಲ, ಅಷ್ಟೇ ಬೇಕಾದದ್ದು. ಲೆನ್ಸಿನ ಮೈಗೆ, ಪಾಪೆ ಇರುವ ಜಾಗಕ್ಕೆ ಸರಿಯಾಗಿ ಒಂದು ರಬ್ಬರ್ ಬ್ಯಾಂಡ್ ಹಾಕಿ. ಅದರಿಂದ ದಾರ ಇಳಿಬಿಡಿ. ತುದಿಯಲ್ಲಿ ಒಂದು ನಟ್ಟು ಕಟ್ಟಿ. ನಟ್ಟು ನೆಲಕ್ಕೆ ಎರಡು ಬೆರಳು ಮೇಲೆ ತೂಗುವಷ್ಟು ದಾರ ಇರಲಿ. ನೆಲದ ಮೇಲೆ ಒಂದು ನಾಣ್ಯ ಇಡಿ. ಸ್ಮಾರಕದ ಕಲ್ಲಿನ ಮೇಲೆ ಸೀಮೆಸುಣ್ಣದ ಗುರುತು ಕೂಡ ಬೇಡ. ಈಗ ಲೈವ್ ವ್ಯೂ ಹಾಕಿ, ದೃಶ್ಯ ಹಿಂದಿನ ಪರದೆಯ ಮೇಲೆ ಕಾಣಲಿ. ಕ್ಯಾಮೆರಾವನ್ನು ಎದೆಯ ಎತ್ತರದಲ್ಲಿ ಎರಡೂ ಕೈಯಿಂದ ಹಿಡಿಯಿರಿ. ಪ್ರತಿ ಫ್ರೇಮಿಗೂ ಮೊದಲು ನಟ್ಟು ನಾಣ್ಯದ ಮೇಲೆ ನಿಂತಿದೆಯೇ ನೋಡಿ, ಕ್ಲಿಕ್ ಮಾಡಿ. ಅರ್ಧ ಹೆಜ್ಜೆ ಸುತ್ತಿ ಬನ್ನಿ. ಮತ್ತೆ ನಟ್ಟು ನೋಡಿ, ಕ್ಲಿಕ್ ಮಾಡಿ. ನಟ್ಟು 1 ಸೆಂ.ಮೀ. ಆಚೀಚೆ ಆದರೂ ಅದೇ 2 ಮೀಟರ್ ದೂರದ ಕಂಬ ಜಾರುವುದು 30 ಪಿಕ್ಸೆಲ್‌ನಷ್ಟು. 380 ಎಲ್ಲಿ, 30 ಎಲ್ಲಿ! ಅಷ್ಟನ್ನು ಹ್ಯೂಗಿನ್ ಅಂಚು ಬೆರೆಸುವಾಗ ಮುಚ್ಚಿಬಿಡುತ್ತದೆ.

ನಾನು ಈ ದಾರವನ್ನು ಇಷ್ಟು ಹೊಗಳಲು ಇನ್ನೊಂದು ಕಾರಣವಿದೆ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳ ಒಳಗೆ ಟ್ರೈಪಾಡ್ ಬಳಸಲು ಅನುಮತಿ ಬೇಕು. ಪನೋರಮಾ ಹೆಡ್ ಅನ್ನು ಟ್ರೈಪಾಡ್ ಇಲ್ಲದೆ ಬಳಸುವಂತಿಲ್ಲ. ಹಂಪಿ, ಬಾದಾಮಿ, ಹಳೇಬೀಡು ಅಂತ ಓಡಾಡುವ ಹವ್ಯಾಸಿಗೆ ದುಬಾರಿ ಹೆಡ್ ಚೀಲದಲ್ಲೇ ಉಳಿಯುವುದು ಹೆಚ್ಚು. ದಾರ ಜೇಬಿನಲ್ಲಿರುತ್ತದೆ.

ಹಾಗಾದರೆ ಹೆಡ್ ಯಾವಾಗ ಬೇಕು? ಮಂಟಪದ ಒಳಗನ್ನು ಮೇಲೆ, ಕೆಳಗೆ, ಸುತ್ತಲೂ ಪೂರ್ತಿ ಗೋಳದ ಹಾಗೆ ಹಿಡಿಯಬೇಕು ಅನ್ನಿಸಿದಾಗ ಬೇಕು. ಕತ್ತಲಲ್ಲಿ ಪ್ರತಿ ಫ್ರೇಮಿಗೆ ಮೂರು ಎಕ್ಸ್‌ಪೋಶರ್ ತೆಗೆಯಬೇಕಾದಾಗ ಬೇಕು. ಒಂದೇ ಸಾಲಿನ ಪನೋರಮಾಕ್ಕೆ ಪೂರ್ತಿ ಹೆಡ್ ಬೇಡ. ಕ್ಯಾಮೆರಾವನ್ನು ಹಿಂದಕ್ಕೆ ಮುಂದಕ್ಕೆ ಸರಿಸುವ ನೋಡಲ್ ರೈಲ್, ಕ್ಯಾಮೆರಾವನ್ನು ನೆಟ್ಟಗೆ ನಿಲ್ಲಿಸುವ ಎಲ್ ಪ್ಲೇಟ್, ಇವೆರಡು ಸಾಕು. ಬರೀ ಟ್ರೈಪಾಡ್ ಇದ್ದರೆ ಸಾಲದು ಅನ್ನುವುದನ್ನೂ ಹೇಳಬೇಕು. ಟ್ರೈಪಾಡಿನ ಸ್ಕ್ರೂ ಇರುವುದು ಕ್ಯಾಮೆರಾದ ಹೊಟ್ಟೆಯಡಿ. ಪಾಪೆ ಅದಕ್ಕಿಂತ ಹಲವು ಸೆಂ.ಮೀ. ಮುಂದಿರುತ್ತದೆ. ಹಾಗಾಗಿ ಟ್ರೈಪಾಡಿನ ಮೇಲೂ ಹತ್ತಿರದ ಕಂಬ ಮುರಿಯುತ್ತದೆ, ಕೈಯಲ್ಲಿ ಹಿಡಿದಷ್ಟು ಅಲ್ಲ ಅಷ್ಟೇ.

ರೈಲ್ ಕೊಂಡರೆ ಅಳತೆ ಕಂಡುಕೊಳ್ಳಬೇಕು. ಶಾಲೆಯ ಮೈದಾನದಲ್ಲಿ ಒಂದು ಕೋಲನ್ನು ಕ್ಯಾಮೆರಾದಿಂದ ಒಂದು ಮೀಟರ್ ದೂರದಲ್ಲಿ ನೆಡಿ. ದೂರದ ಧ್ವಜಸ್ತಂಭ ಅದರ ಪಕ್ಕದಲ್ಲೇ ಕಾಣುವಂತೆ ನಿಲ್ಲಿ. ಕೋಲು, ಸ್ತಂಭ ಎರಡೂ ಫ್ರೇಮಿನ ಎಡ ಅಂಚಿನಲ್ಲಿರುವಾಗ ಒಮ್ಮೆ ನೋಡಿ, ಕ್ಯಾಮೆರಾ ತಿರುಗಿಸಿ ಬಲ ಅಂಚಿಗೆ ತಂದು ಇನ್ನೊಮ್ಮೆ ನೋಡಿ. ನಡುವಿನ ಸಂದು ಬದಲಾಗಬಾರದು. ಕ್ಯಾಮೆರಾವನ್ನು ಬಲಕ್ಕೆ ತಿರುಗಿಸಿದಾಗ ಹತ್ತಿರದ ಕೋಲು ಸ್ತಂಭದಿಂದ ಎಡಕ್ಕೆ ಸರಿದಂತೆ ಕಂಡರೆ ಕ್ಯಾಮೆರಾ ತುಂಬ ಮುಂದಿದೆ. ರೈಲಿನಲ್ಲಿ ಹಿಂದಕ್ಕೆ ತಳ್ಳಿ. ಬಲಕ್ಕೆ ಸರಿದರೆ ಮುಂದಕ್ಕೆ ತನ್ನಿ. ಸಂದು ಕದಲದ ಜಾಗ ಸಿಕ್ಕ ಕೂಡಲೇ ರೈಲಿನ ಮೇಲೆ ಗುರುತು ಹಾಕಿಬಿಡಿ. ಮಕ್ಕಳನ್ನೂ ಕರೆದು ತೋರಿಸಿ, ಪರ್‌ಸ್ಪೆಕ್ಟಿವ್ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ಈ ನಿಯಮಕ್ಕೆ ಒಂದು ವಿನಾಯಿತಿ ಇದೆ, ಅದು ನನಗೆ ಬಹಳ ಇಷ್ಟದ್ದು. ಎದುರಿಗಿರುವುದು ಚಪ್ಪಟೆ ಗೋಡೆಯಾದರೆ ಪ್ಯಾರಲ್ಯಾಕ್ಸ್ ಕಾಟ ಇಲ್ಲ. ಹಿಂದೆ ಮುಂದೆ ಅನ್ನುವುದೇ ಇಲ್ಲವಲ್ಲ! ಮದ್ರಾಸ್ ಸರ್ಕಾರದ ಛಾಯಾಗ್ರಾಹಕನಾಗಿದ್ದ ಲಿನೇಯಸ್ ಟ್ರೈಪ್ 1858ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ಬುಡದಲ್ಲಿರುವ ಶಾಸನಗಳನ್ನು ಹೀಗೇ ಹಿಡಿದ. ಕ್ಯಾಮೆರಾವನ್ನು ಗೋಡೆಯುದ್ದಕ್ಕೂ ಸರಿಸುತ್ತಾ ಹೋಗಿ, 21 ಪ್ರಿಂಟ್‌ಗಳನ್ನು ಅಂಟಿಸಿ, ಸುಮಾರು 19 ಅಡಿ ಉದ್ದದ ಸುರುಳಿ ಮಾಡಿದ. ಕಂಪ್ಯೂಟರ್ ಇಲ್ಲದ ಕಾಲದ ಆ ತಾಳ್ಮೆಯನ್ನು ನೆನೆದರೆ ಕೈ ಮುಗಿಯಬೇಕು ಅನ್ನಿಸುತ್ತದೆ. ನಿಮಗೆ ಹತ್ತಿರದಲ್ಲೇ ಹಜಾರರಾಮ ದೇವಾಲಯದ ಹೊರಗೋಡೆ ಇದೆ. ಆನೆ, ಕುದುರೆ, ಸೈನಿಕರು, ನರ್ತಕಿಯರು ಸಾಲುಸಾಲಾಗಿ ಹೊರಟ ಉಬ್ಬುಶಿಲ್ಪಗಳು ಉದ್ದಕ್ಕೂ ಇವೆ. ಅಲ್ಲಿ ತಿರುಗಬೇಡಿ. ಗೋಡೆಗೆ ಸಮಾನಾಂತರವಾಗಿ ನಡೆಯಿರಿ. ಅಂತರ ಒಂದೇ ಇರಲಿ, ಕ್ಯಾಮೆರಾ ಗೋಡೆಗೆ ನೇರ ಮುಖ ಮಾಡಿರಲಿ. ಪ್ರತಿ ಫ್ರೇಮೂ ಹಿಂದಿನದರ ಅರ್ಧ ಭಾಗವನ್ನು ಒಳಗೊಂಡಿರಲಿ. ಇದನ್ನು ಜೋಡಿಸುವಾಗ ಹ್ಯೂಗಿನ್‌ಗೆ ಕ್ಯಾಮೆರಾ ತಿರುಗಿಲ್ಲ, ಸರಿದಿದೆ ಅಂತ ಹೇಳಬೇಕು. ಆಪ್ಟಿಮೈಸ್ ಮಾಡುವ, ಅಂದರೆ ಫ್ರೇಮುಗಳನ್ನು ಲೆಕ್ಕ ಹಾಕಿ ಸರಿಹೊಂದಿಸುವ ಪಟ್ಟಿಯಲ್ಲಿ ಸ್ಥಾನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಆಯ್ಕೆ ಇದೆ.

ಇನ್ನು ಮಾತಂಗ ಬೆಟ್ಟದ ಚಿತ್ರಕ್ಕೆ ಬರೋಣ.

ದಿಗಂತ ನಡುವೆ ಉಬ್ಬಿದೆ ಅಂದಿರಿ. ಹಾಗಿದ್ದರೆ ನೀವು ಕ್ಯಾಮೆರಾವನ್ನು ಕೆಳಗೆ ಬಗ್ಗಿಸಿ ಹಿಡಿದಿದ್ದಿರಿ. ಬೆಟ್ಟದ ಬುಡದ ದೇವಾಲಯ ಬರಲಿ ಅಂತ ಹಾಗೆ ಮಾಡಿದ್ದೀರಿ, ಸಹಜ. ಕ್ಯಾಮೆರಾ ಮೇಲಕ್ಕೆ ಬಗ್ಗಿದ್ದರೆ ದಿಗಂತ ತೊಟ್ಟಿಲಿನ ಹಾಗೆ ನಡುವೆ ಕುಸಿಯುತ್ತಿತ್ತು. ಈಗ ತೆಗೆದಿರುವ ಚಿತ್ರವನ್ನು ಎಸೆಯಬೇಡಿ, ಸರಿ ಮಾಡಬಹುದು. ಹ್ಯೂಗಿನ್‌ನಲ್ಲಿ ನೆಟ್ಟಗಿರುವ ಗೆರೆಗಳನ್ನು ಗುರುತಿಸುವ ಸೌಲಭ್ಯ ಇದೆ. ದೇವಾಲಯದ ಕಂಬಗಳ ಅಂಚಿನಲ್ಲಿ ಮೇಲೊಂದು ಕೆಳಗೊಂದು ಚುಕ್ಕೆ ಇಟ್ಟು, ಇದು ನೇರ ಲಂಬ ಅಂತ ಹೇಳಿ. ಎಡತುದಿ, ನಡು, ಬಲತುದಿ, ಮೂರು ಕಡೆ ಇಂಥ ಗೆರೆ ಕೊಟ್ಟು ಮತ್ತೆ ಆಪ್ಟಿಮೈಸ್ ಮಾಡಿದರೆ ದಿಗಂತ ತಾನಾಗಿ ನೇರವಾಗುತ್ತದೆ. ಗೋಪುರದ ಅಂಚನ್ನು ಮಾತ್ರ ಬಳಸಬೇಡಿ. ಗೋಪುರ ಮೇಲಕ್ಕೆ ಹೋದಂತೆ ಕಿರಿದಾಗುತ್ತದೆ, ಅದರ ಅಂಚು ಲಂಬ ಅಲ್ಲ.

ಮುಂದಿನ ಸಲ ಕ್ಯಾಮೆರಾವನ್ನು ನೆಟ್ಟಗೆ, ಅಂದರೆ ಪೋರ್ಟ್ರೇಟ್ ಆಗಿ ಹಿಡಿಯಿರಿ. ಅಡ್ಡ ಚಿತ್ರಕ್ಕೆ ಉದ್ದ ಫ್ರೇಮು ಅಂದರೆ ವಿಚಿತ್ರ ಅನ್ನಿಸಬಹುದು, ಆದರೆ ಮೇಲೆ ಕೆಳಗೆ ಜಾಗ ಸಿಗುವುದು ಹಾಗೆಯೇ. 24 ಮಿ.ಮೀ.ನಲ್ಲಿ ನಿಮ್ಮ ಕ್ಯಾಮೆರಾ ನೆಟ್ಟಗೆ ಹಿಡಿದಾಗ ಮೇಲಿನಿಂದ ಕೆಳಗೆ 52 ಡಿಗ್ರಿ, ಅಡ್ಡಕ್ಕೆ 36 ಡಿಗ್ರಿ ನೋಡುತ್ತದೆ. ದಿಗಂತವನ್ನು ಸರಿಯಾಗಿ ನಡುವೆ ಇಟ್ಟರೂ ಕೆಳಗೆ 26 ಡಿಗ್ರಿವರೆಗೆ ಕಾಣುತ್ತದೆ. ಅಷ್ಟೂ ಸಾಲದಿದ್ದರೆ ಕೆಳಗೆ ಇನ್ನೊಂದು ಸಾಲು ತೆಗೆಯಿರಿ. ಜಾಸ್ತಿಯಾದ ಆಕಾಶವನ್ನು ಆಮೇಲೆ ಕತ್ತರಿಸಿದರಾಯಿತು.

ಪ್ರತಿ ಫ್ರೇಮೂ ಪಕ್ಕದ್ದರ ಮೇಲೆ ಮೂರನೇ ಒಂದು ಭಾಗ ಹೊದೆಯಲಿ. ಆಗ ಹೆಜ್ಜೆಗೆ 24 ಡಿಗ್ರಿ, 7 ಫ್ರೇಮಿಗೆ 180 ಡಿಗ್ರಿ ಮುಗಿಯುತ್ತದೆ. ಕೂಡಿಸಿದರೆ ಸುಮಾರು 20,000 ಪಿಕ್ಸೆಲ್ ಅಗಲದ ಚಿತ್ರ. 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ ಐದೂವರೆ ಅಡಿ ಉದ್ದದ ಪ್ರಿಂಟ್. ಶಾಲೆಯ ವರಾಂಡಾದ ಗೋಡೆಗೆ ಹೇಳಿ ಮಾಡಿಸಿದ ಹಾಗಿರುತ್ತದೆ.

ಗಾಢ ನೀಲಿ ಪಟ್ಟೆಗೆ ಕಾರಣ ನಿಮ್ಮ ಪೋಲರೈಸರ್. ಫಿಲ್ಟರ್ ಕೆಟ್ಟದ್ದಲ್ಲ, ತಪ್ಪು ಜಾಗದಲ್ಲಿ ಬಳಸಿದ್ದೀರಿ ಅಷ್ಟೇ. ಆಕಾಶದ ಬೆಳಕು ಎಲ್ಲ ಕಡೆ ಒಂದೇ ತರ ಪೋಲರೈಸ್ ಆಗಿರುವುದಿಲ್ಲ, ಅಂದರೆ ಅದರ ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸುವುದು ಕೆಲವು ಕಡೆ ಹೆಚ್ಚು, ಕೆಲವು ಕಡೆ ಕಮ್ಮಿ. ಸೂರ್ಯನಿಂದ 90 ಡಿಗ್ರಿ ದೂರದಲ್ಲಿ ಅದು ಅತಿ ಹೆಚ್ಚು. ಫಿಲ್ಟರ್ ಅಲ್ಲಿನ ಆಕಾಶವನ್ನು ಕಪ್ಪಾಗಿಸುತ್ತದೆ, ಬೇರೆ ಕಡೆ ಹಾಗೇ ಬಿಡುತ್ತದೆ. ಡಿಸೆಂಬರ್‌ನಲ್ಲಿ ಹಂಪಿಯಲ್ಲಿ ಸೂರ್ಯ ಹುಟ್ಟುವುದು ಪೂರ್ವದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ. ಅಲ್ಲಿಂದ 90 ಡಿಗ್ರಿ ಎಡಕ್ಕೆ ಎಣಿಸಿದರೆ ಉತ್ತರಕ್ಕಿಂತ ಸ್ವಲ್ಪ ಪೂರ್ವ. ನಿಮ್ಮ ಪಟ್ಟೆ ಬಂದಿರುವುದೂ ಸರಿಯಾಗಿ ಅಲ್ಲೇ. ಅಗಲವಾದ ಆಕಾಶ ಇರುವ ಪನೋರಮಾಕ್ಕೆ ಪೋಲರೈಸರ್ ಬಿಚ್ಚಿಡಿ. ಒಂದೇ ಫ್ರೇಮಿನಲ್ಲಿ ತುಂಗಭದ್ರೆಯ ನೀರಿನ ಹೊಳಪು ತೆಗೆಯಲು ಹಾಕಿಕೊಳ್ಳಿ, ಅಲ್ಲಿ ಅದು ಬಂಗಾರ.

ಆದರೆ ಡಿಸೆಂಬರ್ ಆಯ್ಕೆ ಮಾಡಿದ್ದು ತುಂಬ ಒಳ್ಳೆಯದಾಯಿತು. ಪಶ್ಚಿಮದಿಂದ ಉತ್ತರ ಬಳಸಿ ಪೂರ್ವದವರೆಗೆ ತೆಗೆದರೆ ಸೂರ್ಯ ಫ್ರೇಮಿನೊಳಗೆ ಬರುವುದಿಲ್ಲ, ಬಲತುದಿಯ ಆಚೆ ಉಳಿಯುತ್ತಾನೆ. ಜೂನ್‌ನಲ್ಲಾದರೆ ಅಷ್ಟೇ ಡಿಗ್ರಿ ಉತ್ತರಕ್ಕೆ ಸರಿದಿರುತ್ತಾನೆ, ನೇರ ಚಿತ್ರದೊಳಗೆ ಬಂದು ಕೂರುತ್ತಾನೆ. ಮಾತಂಗದ ಈ ದೃಶ್ಯಕ್ಕೆ ನವೆಂಬರ್‌ನಿಂದ ಜನವರಿವರೆಗೆ ಸರಿಯಾದ ಕಾಲ ಅಂತ ನಾನು ಹೇಳುವುದು ಅದಕ್ಕೇ. ಮಂಜು ಕೂಡ ಆಗಲೇ ಬಂಡೆಗಳ ನಡುವೆ ನಿಂತಿರುತ್ತದೆ.

ಸೆಟ್ಟಿಂಗ್ ವಿಷಯದಲ್ಲಿ ಜಾಸ್ತಿ ಹೇಳುವುದಿಲ್ಲ, ಮ್ಯಾನ್ಯುಯಲ್ ನಿಮಗೆ ಗೊತ್ತೇ ಇದೆ. ಅಪರ್ಚರ್ 8, ಐಎಸ್‌ಒ ಒಂದೇ, ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್). ಅಳತೆಯನ್ನು ಬೆಳಕು ಹೆಚ್ಚಿರುವ ಪೂರ್ವದ ತುದಿಯಲ್ಲಿ ನೋಡಿ ಅದನ್ನೇ ಎಲ್ಲದಕ್ಕೂ ಇಡಿ. ನೆರಳನ್ನು ಆಮೇಲೆ ಎತ್ತಬಹುದು, ಸುಟ್ಟುಹೋದ ಆಕಾಶವನ್ನು ಮರಳಿ ತರಲು ಆಗುವುದಿಲ್ಲ. ವೈಟ್ ಬ್ಯಾಲೆನ್ಸ್ ಆಟೋ ಬೇಡ. ಬಹಳ ಜನ ಮರೆಯುವುದು ಫೋಕಸ್. ದೂರದ ಬಂಡೆಗೆ ಒಮ್ಮೆ ಫೋಕಸ್ ಮಾಡಿ, ಆಮೇಲೆ ಮ್ಯಾನ್ಯುಯಲ್‌ಗೆ ಬದಲಿಸಿಬಿಡಿ. ಒಂದು ಮಳೆಗಾಲದಲ್ಲಿ ಜೋಗದಲ್ಲಿ ನಾನು ಇದನ್ನು ಮರೆತೆ. ನಾಲ್ಕನೇ ಫ್ರೇಮಿನಲ್ಲಿ ಫೋಕಸ್ ಎದುರಿನ ಮಂಜಿಗೆ ಹೋಗಿಬಿಟ್ಟಿತ್ತು. ಆವತ್ತು ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಐದು ನಿಮಿಷ ಮಾತ್ರ ಮೋಡ ಸರಿಸಿ ಕಂಡಿದ್ದವು. ಆ ಐದು ನಿಮಿಷ ಮತ್ತೆ ಬರಲಿಲ್ಲ. ಈಗಲೂ ಆ ಫೈಲುಗಳನ್ನು ಅಳಿಸಲು ಮನಸ್ಸು ಬಂದಿಲ್ಲ.

ಜೋಗದ ಮಾತು ಬಂತು, ಇದನ್ನೂ ಸೇರಿಸುತ್ತೇನೆ. 253 ಮೀಟರ್ ಎತ್ತರದಿಂದ ಬೀಳುವ ನೀರು ಎರಡು ಫ್ರೇಮಿನಲ್ಲಿ ಒಂದೇ ತರ ಇರುವುದಿಲ್ಲ. ಆದ್ದರಿಂದ ಪ್ರತಿ ಧಾರೆಯೂ ಯಾವುದಾದರೂ ಒಂದು ಫ್ರೇಮಿನಲ್ಲಿ ಪೂರ್ತಿಯಾಗಿ ಬರುವಂತೆ ನೋಡಿಕೊಳ್ಳಿ. ಜೋಡಣೆಯ ಗೆರೆ ಬಂಡೆಯ ಮೇಲೆ ಹಾದುಹೋಗಲಿ, ನೀರಿನ ಮೇಲೆ ಬೇಡ. ಹಂಪಿಯಲ್ಲಿ ನಡೆಯುವ ಜನರಿಗೂ ನದಿಯ ತೆಪ್ಪಕ್ಕೂ ಇದೇ ಮಾತು. ಜನ ಎಡದಿಂದ ಬಲಕ್ಕೆ ಹೋಗುತ್ತಿದ್ದರೆ ನೀವು ಬಲದಿಂದ ಎಡಕ್ಕೆ ತೆಗೆಯಿರಿ. ಅವರ ಜೊತೆಗೇ ತಿರುಗಿದರೆ ಒಬ್ಬನೇ ಮನುಷ್ಯ ನಾಲ್ಕು ಕಡೆ ಬರುತ್ತಾನೆ. ಆದರೂ ಅರ್ಧ ಮನುಷ್ಯ ಉಳಿದರೆ ಹ್ಯೂಗಿನ್‌ನ ಮಾಸ್ಕ್‌ನಲ್ಲಿ ಆ ಭಾಗಕ್ಕೆ ಗೆರೆ ಎಳೆದು ಬೇಡ ಅನ್ನಿ. ಪಕ್ಕದ ಫ್ರೇಮಿನಿಂದ ಖಾಲಿ ನೆಲ ತೆಗೆದುಕೊಳ್ಳುತ್ತದೆ.

ಸಾಲು ಶುರು ಮಾಡುವ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ನಿಮ್ಮ ಅಂಗೈಯ ಫೋಟೋ ತೆಗೆಯಿರಿ. ಮನೆಗೆ ಬಂದು 200 ಫೈಲ್ ಮುಂದೆ ಕೂತಾಗ ಯಾವುದು ಯಾವ ಪನೋರಮಾದ್ದು ಅಂತ ತಲೆ ಕೆಡುವುದು ತಪ್ಪುತ್ತದೆ.

ಜೋಡಿಸುವಾಗ ಪ್ರೊಜೆಕ್ಷನ್, ಅಂದರೆ ಸುತ್ತಲಿನ ನೋಟವನ್ನು ಚಪ್ಪಟೆ ಹಾಳೆಗೆ ಹರಡುವ ರೀತಿ, ಯಾವುದು ಇಡಬೇಕು ಅನ್ನುವುದು ಮುಂದಿನ ಪ್ರಶ್ನೆ. ಬೆಟ್ಟದ ಮೇಲಿನದಕ್ಕೆ ಸಿಲಿಂಡ್ರಿಕಲ್ (ನೋಟವನ್ನು ಕೊಳವೆಯ ಒಳಗೋಡೆಗೆ ಅಂಟಿಸಿ ಬಿಚ್ಚಿದ ಹಾಗೆ) ಇಡಿ, ಅಷ್ಟೇ. ಕಟ್ಟಡದ ಮುಂದೆ ನಿಂತು ತೆಗೆದದ್ದಕ್ಕೆ ಮಾತ್ರ ಯೋಚನೆ ಬೇಕು. ಸಿಲಿಂಡ್ರಿಕಲ್‌ನಲ್ಲಿ ನೇರ ಜಗತಿ ಬಿಲ್ಲಾಗಿ ಬಾಗುತ್ತದೆ. ರೆಕ್ಟಿಲಿನಿಯರ್ ಇಟ್ಟರೆ ಗೆರೆಗಳು ನೇರ ಇರುತ್ತವೆ, ಆದರೆ 100 ಡಿಗ್ರಿ ದಾಟಿದರೆ ತುದಿಗಳು ಎಳೆದ ರಬ್ಬರಿನ ಹಾಗೆ ಹಿಗ್ಗುತ್ತವೆ. ಎರಡರ ನಡುವಿನದು ಪನೀನಿ. ಎದುರಿನಿಂದ ಆಳಕ್ಕೆ ಹೋಗುವ ಕಂಬದ ಸಾಲು, ವಿರೂಪಾಕ್ಷ ಬಜಾರಿನಂಥ ಬೀದಿ, ಇವಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ನಿಮ್ಮ ಮಂಟಪಕ್ಕೂ ಪನೀನಿಯನ್ನೇ ಮೊದಲು ಹಾಕಿ ನೋಡಿ.

ಒಂದು ಅಭಿಪ್ರಾಯ ಹೇಳುತ್ತೇನೆ, ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. 180 ಡಿಗ್ರಿ ಸಿಗುತ್ತದೆ ಅಂತ 180 ಡಿಗ್ರಿಯನ್ನೂ ಇಟ್ಟುಕೊಳ್ಳಬೇಡಿ. ತೆಗೆಯುವಾಗ ಪೂರ್ತಿ ತೆಗೆಯಿರಿ, ಕತ್ತರಿಸುವಾಗ ಕಟುವಾಗಿರಿ. ಮಾತಂಗದಿಂದ ಪಶ್ಚಿಮಕ್ಕೆ ವಿರೂಪಾಕ್ಷನ ಗೋಪುರ, ಕೆಳಗೆ ಅಚ್ಯುತರಾಯ ದೇವಾಲಯ, ನದಿಯಾಚೆ ಆನೆಗೊಂದಿ ಕಡೆಯ ಅಂಜನಾದ್ರಿ. ಚಿತ್ರ ಗೋಪುರದಿಂದ ಶುರುವಾಗಿ ಅಂಜನಾದ್ರಿ ದಾಟಿ ಸ್ವಲ್ಪದರಲ್ಲೇ ನಿಲ್ಲಲಿ. ಎರಡೂ ತುದಿಯಲ್ಲಿ ಕಣ್ಣನ್ನು ತಡೆದು ಹಿಂದಕ್ಕೆ ಕಳಿಸುವ ವಸ್ತು ಇರಬೇಕು. ಆಮೇಲಿನ 60 ಡಿಗ್ರಿಯಲ್ಲಿ ಒಳ್ಳೆಯ ಬಂಡೆಗಳೇ ಇವೆ, ನಿಜ. ಆದರೆ ಅವು ಸೇರಿದರೆ ಚಿತ್ರ ಉದ್ದವಾಗುತ್ತದೆ, ಗೋಪುರ ಬೆರಳುಗುರಿನಷ್ಟಾಗುತ್ತದೆ.

ಮೊಬೈಲ್ ಬಗ್ಗೆ. ಗೆಳೆಯರು ಹೇಳುವುದರಲ್ಲಿ ಅರ್ಧ ಸತ್ಯ ಇದೆ. ಬೆಟ್ಟದ ಮೇಲೆ ಮೊಬೈಲ್ ಪನೋರಮಾ ಚೆನ್ನಾಗಿಯೇ ಬರುತ್ತದೆ. ನಾನು ಮೊದಲು ಅದರಲ್ಲೇ ಒಂದು ತೆಗೆದು, ಎಲ್ಲಿಂದ ಎಲ್ಲಿಯವರೆಗೆ ಬೇಕು ಅಂತ ನೋಡಿಕೊಳ್ಳುತ್ತೇನೆ. ಚಿತ್ರಕಾರರು ಪೆನ್ಸಿಲ್ ಸ್ಕೆಚ್ ಮಾಡಿಕೊಳ್ಳುವ ಹಾಗೆ. ಮೊಬೈಲು ನೀವು ತಿರುಗುತ್ತಿರುವಾಗ ಕಿರಿದಾದ ಪಟ್ಟಿಗಳನ್ನು ತೆಗೆದು ಅಂಟಿಸುತ್ತಾ ಹೋಗುತ್ತದೆ. ಹಾಗಾಗಿ ಓಡುವ ಬಸ್ಸು ಕುಗ್ಗುತ್ತದೆ ಅಥವಾ ಹಿಗ್ಗುತ್ತದೆ. ಪ್ಯಾರಲ್ಯಾಕ್ಸ್ ಅದನ್ನೂ ಬಿಡುವುದಿಲ್ಲ. ಕೈ ಚಾಚಿ ಹಿಡಿದು ಮೈ ತಿರುಗಿಸಿದರೆ ಮಂಟಪದ ಕಂಬ ಅಲ್ಲೂ ಮುರಿಯುತ್ತದೆ. ಫೋನನ್ನು ಒಂದು ಜಾಗದಲ್ಲಿ ನಿಲ್ಲಿಸಿ ನೀವು ಸುತ್ತಿ ಬಂದರೆ ಬಹಳಷ್ಟು ಸರಿಹೋಗುತ್ತದೆ.

ಪಟ್ಟಿ ಪಟ್ಟಿಯಾಗಿ ಹಿಡಿಯುವ ಉಪಾಯ ಹೊಸದೇನಲ್ಲ. 1904ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆದ ಸರ್ಕಟ್ ಕ್ಯಾಮೆರಾ ಇದನ್ನೇ ಮಾಡುತ್ತಿತ್ತು. ಕ್ಯಾಮೆರಾ ಗೇರಿನ ಮೇಲೆ ತಾನೇ ತಿರುಗುತ್ತಿತ್ತು, ಒಳಗೆ ಫಿಲ್ಮು ಒಂದು ಸೀಳಿನ ಹಿಂದೆ ಸರಿಯುತ್ತಿತ್ತು. ಶಾಲೆ, ಸೈನ್ಯದ ಉದ್ದುದ್ದ ಗುಂಪು ಫೋಟೋಗಳನ್ನು ಅದರಲ್ಲೇ ತೆಗೆಯುತ್ತಿದ್ದರು. ಕ್ಯಾಮೆರಾ ತಿರುಗುವಷ್ಟರಲ್ಲಿ ಸಾಲಿನ ಹಿಂದೆ ಓಡಿ ಎರಡೂ ತುದಿಯಲ್ಲಿ ನಿಂತುಬಿಡುವ ತುಂಟ ಹುಡುಗರು ಆಗಲೂ ಇದ್ದರು. ನಿಮ್ಮ 280 ಮಕ್ಕಳ ಫೋಟೋಗೆ ಬೇಕಾದ ಮುಖ್ಯ ಪಾಠ ಆ ಕಾಲದ ಛಾಯಾಗ್ರಾಹಕರ ಹತ್ತಿರವೇ ಇದೆ. ಅವರು ಜನರನ್ನು ನೇರ ಸಾಲಿನಲ್ಲಿ ನಿಲ್ಲಿಸುತ್ತಿರಲಿಲ್ಲ. ಕ್ಯಾಮೆರಾವನ್ನು ನಡುವೆ ಇಟ್ಟು ಬಿಲ್ಲಿನಾಕಾರದಲ್ಲಿ ನಿಲ್ಲಿಸುತ್ತಿದ್ದರು. ನೇರ ಸಾಲಿನಲ್ಲಿ ನಿಂತರೆ ತುದಿಯ ಮಕ್ಕಳು ದೂರವಾಗಿ, ಸಣ್ಣಗೆ ಕಾಣುತ್ತಾರೆ. ಬಿಲ್ಲಿನಲ್ಲಿ ನಿಂತರೆ ಎಲ್ಲರೂ ಕ್ಯಾಮೆರಾಕ್ಕೆ ಸಮ ದೂರ, ಎಲ್ಲರ ಮುಖವೂ ಸಮ ದೊಡ್ಡದು. ಸಿಲಿಂಡ್ರಿಕಲ್ ಪ್ರೊಜೆಕ್ಷನ್‌ನಲ್ಲಿ ಆ ಬಿಲ್ಲು ನೇರ ಸಾಲಾಗಿ ಬಿಚ್ಚಿಕೊಳ್ಳುತ್ತದೆ.

ನಿಮ್ಮ ಶಾಲೆಯ ಲೆಕ್ಕ ಹಾಕಿದ್ದೇನೆ. ಮೈದಾನದ ನಡುವೆ ಗೂಟ ಹೊಡೆದು 10 ಮೀಟರ್ ಹಗ್ಗ ಕಟ್ಟಿ, ಕ್ರೀಡಾಕೂಟಕ್ಕೆ ಟ್ರ್ಯಾಕ್ ಹಾಕುವ ಹಾಗೆ ಸುಣ್ಣದ ಪುಡಿಯಲ್ಲಿ ಅರ್ಧ ವೃತ್ತ ಎಳೆಯಿರಿ. ಉದ್ದ 31 ಮೀಟರ್ ಆಗುತ್ತದೆ. ಮಗುವಿಗೆ 45 ಸೆಂ.ಮೀ. ಅಂದರೆ ಒಂದು ಸಾಲಿಗೆ 70 ಮಕ್ಕಳು. ನೆಲದ ಮೇಲೆ ಕೂತ ಸಾಲು, ಬೆಂಚಿನ ಮೇಲೆ ಕೂತ ಸಾಲು, ನಿಂತ ಸಾಲು, ಬೆಂಚಿನ ಮೇಲೆ ನಿಂತ ಸಾಲು. ನಾಲ್ಕು ಸಾಲಿಗೆ 280 ಸರಿಯಾಗಿ ಮುಗಿಯಿತು. ಹಿಂದಿನ ಸಾಲುಗಳ ಬಿಲ್ಲು ಇನ್ನೂ ಉದ್ದ ಇರುವುದರಿಂದ ಶಿಕ್ಷಕರಿಗೂ ಅಡುಗೆಯವರಿಗೂ ಜಾಗ ಸಿಗುತ್ತದೆ. ಅವರನ್ನು ಬಿಡಬೇಡಿ. ಗೂಟದ ಜಾಗದಲ್ಲೇ ಟ್ರೈಪಾಡ್ ಇಡಿ. ಇದು ನಿಮ್ಮದೇ ಮೈದಾನ, ಅನುಮತಿಯ ಚಿಂತೆ ಇಲ್ಲ. ಲೆನ್ಸ್ 50ಕ್ಕೆ ಇಟ್ಟು ಕ್ಯಾಮೆರಾ ನೆಟ್ಟಗೆ ನಿಲ್ಲಿಸಿದರೆ 10 ಮೀಟರ್ ದೂರದಲ್ಲಿ 4.7 ಮೀಟರ್ ಎತ್ತರ ಸಿಗುತ್ತದೆ, ನಾಲ್ಕು ಸಾಲಿಗೆ ಧಾರಾಳ. ಸುಮಾರು 15 ಫ್ರೇಮು ಆಗುತ್ತವೆ.

ಅರ್ಧ ವೃತ್ತದಲ್ಲಿ ಬಿಸಿಲು ಯಾವ ಕಡೆ ಇದ್ದರೂ ಕೆಲವು ಮಕ್ಕಳ ಕಣ್ಣಿಗೆ ಹೊಡೆಯುತ್ತದೆ, ಕೆಲವರ ಮುಖ ಕಪ್ಪಾಗುತ್ತದೆ. ಅದಕ್ಕೆ ತೆಳು ಮೋಡದ ದಿನ ಕಾಯಿರಿ. ಹಿಂದೆ ಶಾಲಾ ಕಟ್ಟಡ ಬೇಡ, ನೇರ ಕಟ್ಟಡ ನಡುವೆ ಉಬ್ಬಿದಂತೆ ಕಾಣುತ್ತದೆ. ಮರಗಳ ಸಾಲು ಇರಲಿ. ಎರಡು ಫ್ರೇಮು ಹೊದೆಯುವ ಜಾಗದ ಮಕ್ಕಳು ಎರಡು ಸಲ ಸೆರೆಯಾಗುತ್ತಾರೆ. ಒಂದರಲ್ಲಿ ಕಣ್ಣು ಮುಚ್ಚಿದ್ದರೆ ಇನ್ನೊಂದರಿಂದ ಮಾಸ್ಕ್ ಹಾಕಿ ತೆಗೆದುಕೊಳ್ಳಿ. ಜೋಡಣೆಯ ಗೆರೆ ಮಕ್ಕಳ ನಡುವಿನ ಸಂದಿನಲ್ಲೇ ಹೋಗಬೇಕು, ಮುಖದ ಮೇಲೆ ಅಲ್ಲ. ಇಡೀ ಸಾಲನ್ನು ಮೂರು ಸಲ ತೆಗೆಯಿರಿ. ಮುಕ್ಕಾಲು ನಿಮಿಷ ಅಲುಗಾಡದೆ ಕೂರುವುದು ಆರಂಭದಲ್ಲಿ ಯಾರಿಗೂ ಆಗುವುದಿಲ್ಲ, ಮೂರನೆಯ ಸಲಕ್ಕೆ ಅಭ್ಯಾಸವಾಗಿರುತ್ತದೆ. ಕ್ಯಾಮೆರಾ ತಿರುಗುತ್ತಾ ಬರುವಾಗ ನೀವು ಆಯಾ ತರಗತಿಯ ಹೆಸರು ಜೋರಾಗಿ ಕೂಗಿ. ಕೂಗಿದವರು ಮಾತ್ರ ಉಸಿರು ಹಿಡಿದು ಲೆನ್ಸ್ ನೋಡಿದರೆ ಸಾಕು.

ಮಂಟಪಕ್ಕೆ ಮತ್ತೆ ಹೋಗುವಾಗ ದಾರ, ನಟ್ಟು, ನಾಣ್ಯ ಮೂರನ್ನೂ ಒಯ್ಯಿರಿ. ಸಂಜೆ ಐದರ ಮೇಲೆ ಹೋಗಿ. ಆ ಹೊತ್ತಿಗೆ ಹೊರಗಿನ ಬಿಸಿಲು ಇಳಿದು, ಒಳಗಿನ ಕತ್ತಲಿಗೂ ಹೊರಗಿನ ಬೆಳಕಿಗೂ ಅಂತರ ಕಮ್ಮಿಯಾಗಿರುತ್ತದೆ, ಒಂದೇ ಎಕ್ಸ್‌ಪೋಶರ್‌ನಲ್ಲಿ ಮುಗಿಸಬಹುದು. ಐಎಸ್‌ಒ 800ಕ್ಕೆ ಏರಿಸಲು ಹೆದರಬೇಡಿ. ಹತ್ತಿರದ ಕಂಬ ಸಾಧ್ಯವಾದಷ್ಟು ಒಂದು ಫ್ರೇಮಿನ ನಡುವೆ ಬರಲಿ, ಎರಡು ಫ್ರೇಮು ಕೂಡುವ ಜಾಗದಲ್ಲಿ ಹಿಂದಿನ ಗೋಡೆ ಮಾತ್ರ ಇರಲಿ. ಮುಗಿದ ಮೇಲೆ ಕೂಡಿಸಿದ ಚಿತ್ರದ ಜೊತೆ ಮೂಲ ಫ್ರೇಮುಗಳನ್ನೂ ಕಳಿಸಿ, ಎಲ್ಲಾದರೂ ಕಂಬ ಜಾರಿದ್ದರೆ ಯಾವ ಹೆಜ್ಜೆಯಲ್ಲಿ ನಟ್ಟು ನಾಣ್ಯ ಬಿಟ್ಟಿತು ಅಂತ ನೋಡಿ ಹೇಳುತ್ತೇನೆ.